ಖಾಲಿ ಬೀದಿಯ ಹೈಡ್ರಂಟ್

ಮೂರನೆಯ ಮನೆಯೂ ಸುಟ್ಟು ಕರಕಲಾಗಿತ್ತು.

ಪೊಲೀಸ್ ಡೆಪ್ಯುಟಿ ಮಾರ್ಲಿಸ್ ಟ್ವೈಟ್ ಬೆಳಿಗ್ಗೆಯೇ ಬಂದಳು. ಬರ್ಚ್ ಬೀದಿಯಲ್ಲಿ ಈಗ ನರಪಿಳ್ಳೆಯೂ ಇಲ್ಲ. ಕಾಗದದ ಗಿರಣಿ ಮುಚ್ಚಿದ ಮೇಲೆ ಜನ ಗಂಟುಮೂಟೆ ಕಟ್ಟಿದರು, ಮನೆಗಳು ಸರ್ಕಾರದ ಪಾಲಾದವು. ವಿಮೆಯಿಲ್ಲ, ವಾರಸುದಾರರಿಲ್ಲ. ಇಂಥ ಮನೆ ಸುಟ್ಟರೆ ಯಾರಿಗೆ ಏನು ಲಾಭ?

ಹೊಸ್ತಿಲ ಬಳಿ ಅರೆಬೆಂದ ಚಿಂದಿ ಬಟ್ಟೆ ಸಿಕ್ಕಿತು. ಮೂಸಿ ನೋಡಿದಳು. ಎಣ್ಣೆಯ ವಾಸನೆ.

"ಬೇಕಂತಲೇ ಹಚ್ಚಿದಾರೆ," ಅಂದಳು.

"ಅದರಲ್ಲೇನು ಅನುಮಾನ," ಅಂದರು ಹಿಂದೆ ನಿಂತಿದ್ದ ಓರ್ವಿಲ್ ಸ್ಯಾಂಡ್‌ವಿಕ್. ನಮ್ಮೂರಿನ ಅಗ್ನಿಶಾಮಕ ದಳದ ಮುಖ್ಯಸ್ಥರು. ಸಂಬಳವಿಲ್ಲದ ದಳ ಅದು. ಹಗಲು ಕಾರ್ಖಾನೆಯಲ್ಲಿ ಕಿಟಕಿ ಜೋಡಿಸುವವರೇ ಕರೆ ಬಂದಾಗ ಬೆಂಕಿ ಆರಿಸಲು ಓಡುತ್ತಾರೆ. ಊರಿಗೆಲ್ಲ ಓರ್ವಿಲ್ ಅಂದರೆ 'ಚೀಫ್'.

ಈ ಸಲ ಒಂದು ಅನಾಹುತವೂ ಆಗಿತ್ತು. ನೆಲಮಾಳಿಗೆಯಲ್ಲಿ ಚಳಿಗೆ ಮುದುರಿ ಮಲಗಿದ್ದ ಅಲೆಮಾರಿಯೊಬ್ಬ ಸಿಕ್ಕಿಬಿದ್ದಿದ್ದ. ದಳದ ಕೋಡಿ ಲಂಡೀನ್ ಒಳನುಗ್ಗಿ ಹೊತ್ತು ತಂದ. ಅರ್ಧ ದಾರಿಯಲ್ಲಿ ಕೋಡಿಯ ಉಸಿರಾಟದ ಮುಖವಾಡ ಕೈಕೊಟ್ಟಿತು. ಆದರೂ ಬಿಡಲಿಲ್ಲ. ಅಲೆಮಾರಿ ಆಸ್ಪತ್ರೆಯಲ್ಲಿದ್ದ, ಕೈ ಸುಟ್ಟಿತ್ತು, ಜೀವ ಉಳಿದಿತ್ತು.

ಮಾರ್ಲಿಸ್ ಹಿಂದೆ ಸರಿದಳು. ಹಿಮದ ಗುಡ್ಡೆಯೊಳಗೆ ಮೊಣಕಾಲಿಗೆ ಕಬ್ಬಿಣ ಬಡಿಯಿತು. ಕೈಯಿಂದ ಕೆದಕಿದಳು. ಅಗ್ನಿಶಾಮಕ ಗಾಡಿಗೆ ನೀರು ಕೊಡುವ ಕೆಂಪು ಕಂಬ, ಹೈಡ್ರಂಟ್.

"ಮನೆ ಮುಂದೇ ಇದೆಯಲ್ಲ ಚೀಫ್. ಇದನ್ನ ಬಿಟ್ಟು ಅಷ್ಟು ದೂರದಿಂದ ಯಾಕೆ ನೀರು ತಂದ್ರಿ?"

"ಅದು ಕೆಟ್ಟಿದೆಯಮ್ಮ. ಚರ್ಚ್ ಮೂಲೆಯದರಿಂದ ತಗೊಂಡ್ವಿ."

ಅವಳು ಪ್ಯಾಂಟಿನ ಹಿಮ ಕೊಡವಿಕೊಂಡು ಕಾರು ಹತ್ತಿದಳು.

*

ಸಂಜೆಯೊಳಗೆ ಅವಳ ಮೇಲಧಿಕಾರಿ ಶೆರಿಫ್ ಕೋಡಿಯನ್ನೇ ಹಿಡಿದು ತಂದರು.

ಅವನ ಪಿಕಪ್ಪಿನಲ್ಲಿ ಪೆಟ್ರೋಲ್ ಕ್ಯಾನ್ ಇತ್ತು. ಹದಿಹರೆಯದಲ್ಲಿ ಹುಲ್ಲಿನ ಶೆಡ್ಡಿಗೆ ಬೆಂಕಿ ಹಚ್ಚಿ ಸಿಕ್ಕಿಬಿದ್ದಿದ್ದ. ಮೂರು ಸಲವೂ ಮೊದಲು ಬಂದವನು ಅವನೇ. ಇನ್ನೇನು ಬೇಕು? ಬೆಂಕಿಯಿಲ್ಲದೆ ಹೊಗೆಯಾಡೀತೇ ಅಂದಿತು ಊರು. ನಿನ್ನೆ ಬೆನ್ನು ತಟ್ಟಿದ ಕೈಗಳೇ ಇವತ್ತು ಬೆರಳು ತೋರಿದವು.

"ಹೀರೋ ಆಗೋಕೆ ತಾನೇ ಹಚ್ಚಿ ತಾನೇ ಆರಿಸಿದ," ಅಂದರು ಕಾಫಿ ಅಂಗಡಿಯಲ್ಲಿ.

ಒಳಗೆ ಮನುಷ್ಯನಿದ್ದ ಮನೆ. ಅಪರಾಧ ಸಾಬೀತಾದರೆ ಕೋಡಿಗೆ ದೀರ್ಘ ಸೆರೆವಾಸ. ಅವನ ಹೆಂಡತಿ ಬಸುರಿ.

ಮಾರ್ಲಿಸ್‌ಗೆ ಮಾತ್ರ ಸಮಾಧಾನವಿರಲಿಲ್ಲ. ಕಿಟಕಿ ಕಾರ್ಖಾನೆಗೆ ಹೋದಳು. ಅಲ್ಲಿ ಡಿಯಾನ್ ಕ್ರೂಗರ್ ಎಂಬಾಕೆ ನೌಕರರ ಸಮಾಜಸೇವೆ ನೋಡಿಕೊಳ್ಳುತ್ತಾಳೆ. ಕಂಪನಿಯ ಪದ್ಧತಿ ಸರಳ. ನೌಕರ ಬಿಡುವಿನಲ್ಲಿ ಯಾವ ಸಂಸ್ಥೆಗೆ ದುಡಿಯುತ್ತಾನೋ ಆ ಸಂಸ್ಥೆಗೆ ಅವನ ಗಂಟೆಗಳಿಗೆ ತಕ್ಕ ಅನುದಾನ.

"ಅಗ್ನಿಶಾಮಕ ದಳಕ್ಕೂ ಕೊಡ್ತೀರಾ?"

"ಹೆಚ್ಚು ಪಾಲು ಅವರದೇ ಇತ್ತು ಕಣ್ರೀ. ಹೋದ ವರ್ಷ ಬಿದ್ದುಹೋಯ್ತು."

"ಯಾಕೆ?"

"ಚೀಫ್ ಪುಣ್ಯಾತ್ಮ ಮನೆಮನೆಗೂ ಹೊಗೆ ಕಂಡ್ರೆ ಬಡ್ಕೊಳ್ಳೋ ಹೊಗೆ ಗಂಟೆ ಕಟ್ಟಿಸಿಬಿಟ್ರಲ್ಲ! ಬೆಂಕಿನೇ ಬೀಳಲ್ಲ. ಬೆಂಕಿ ಇಲ್ಲದಿದ್ರೆ ಕೆಲಸದ ಗಂಟೆ ಇಲ್ಲ. ಗಂಟೆ ಇಲ್ಲದಿದ್ರೆ ದುಡ್ಡಿಲ್ಲ. ಕನಿಷ್ಠ ಗಂಟೆ ಮುಟ್ಟದಿದ್ರೆ ಈ ವರ್ಷ ಪೂರ್ತಿ ನಿಲ್ತಿತ್ತು. ಹೊಸ ಉಸಿರಾಟದ ಸಿಲಿಂಡರಿಗೆ ಅದೇ ದುಡ್ಡು ನಂಬ್ಕೊಂಡಿದ್ರು ಪಾಪ."

"ಈಗ?"

ಡಿಯಾನ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮೂರು ಬೆಂಕಿ ಬಿತ್ತಲ್ಲ, ಮುಟ್ಟಿತು. ಕೋಡಿದೇ ಎಲ್ಲರಿಗಿಂತ ಜಾಸ್ತಿ. ನಾನೇನೂ ಹೇಳ್ತಿಲ್ಲಪ್ಪ. ನೀವು ಕೇಳಿದ್ರಿ, ಹೇಳ್ದೆ."

"ಚೀಫ್‌ದು?"

"ಅವರು ನಮ್ಮಲ್ಲಿಂದ ಯಾವತ್ತೋ ನಿವೃತ್ತರಾದ್ರು. ಅವರ ಗಂಟೆ ಲೆಕ್ಕಕ್ಕಿಲ್ಲ."

ಖಾಲಿ ಮನೆ ಸುಟ್ಟರೂ ಲಾಭವಿದೆ ಎಂದಾಯಿತು. ಮಾರ್ಲಿಸ್ ದಳದ ಒಬ್ಬೊಬ್ಬರ ಮುಖವನ್ನೂ ನೆನೆಸಿಕೊಂಡಳು. ಎಲ್ಲ ಚಿಕ್ಕಂದಿನಿಂದ ಕಂಡ ಮುಖಗಳೇ. ಹಾಳು ಕೆಲಸ ಇದು ಅನ್ನಿಸಿತು.

*

ಲಾಕಪ್ಪಿನಲ್ಲಿ ಕೋಡಿ ಕೆಮ್ಮುತ್ತ ಕೂತಿದ್ದ.

"ಪೆಟ್ರೋಲ್ ಯಾಕಿತ್ತೋ?"

"ಕೆರೆ ಮೇಲಿನ ಐಸ್ ಕೊರೆಯೋ ಮೆಷಿನ್‌ಗೆ. ಮೀನು ಹಿಡಿಯೋಕೆ. ಈ ಊರಲ್ಲಿ ಯಾರ ಗಾಡೀಲಿ ಇಲ್ಲ ಹೇಳಿ? ನಿಮ್ಮ ಗಾಡೀಲಿಲ್ವಾ?"

ಇತ್ತು. ಮಾರ್ಲಿಸ್ ಮಾತು ಬದಲಿಸಿದಳು. "ಮೊದಲು ಬಂದವನು ನೀನೇ. ಏನು ಕಂಡೆ?"

"ಬೆಂಕಿ ಕಂಡೆ. ಇನ್ನೇನು ಕಾಣುತ್ತೆ? ಚೀಫ್ ರೇಡಿಯೋದಲ್ಲಿ ಚರ್ಚ್ ಮೂಲೆಗೆ ಹೋಗಿ ಅಂದ್ರು. ಹೋದ್ವಿ. ನಮ್ಮ ಪುಣ್ಯ, ಅಲ್ಲಿನ ಹೈಡ್ರಂಟಿನ ಸುತ್ತ ಹಿಮ ತೆಗೆದಿತ್ತು. ಹೋಗಿ ಪೈಪು ಸಿಕ್ಕಿಸಿದ್ದೇ."

"ಯಾರು ತೆಗೆದಿದ್ರು?"

"ಯಾರೋ ಪುಣ್ಯಾತ್ಮರು. ಹಿಂದಿನ ಎರಡು ಸಲವೂ ಆಯಾ ಮನೆ ಮುಂದಿನದು ಹಾಗೇ ಇತ್ತಲ್ಲ."

ಮಾರ್ಲಿಸ್ ಎದ್ದವಳು ಮತ್ತೆ ಕೂತಳು.

ನಮ್ಮೂರಲ್ಲಿ ಹಿಮ ಬಿದ್ದರೆ ಮನೆಯವರು ತಮ್ಮ ಬಾಗಿಲ ಮುಂದಿನ ಹೈಡ್ರಂಟಿನ ಸುತ್ತ ತಾವೇ ಹಿಮ ತೆಗೆಯುತ್ತಾರೆ. ಬರ್ಚ್ ಬೀದಿಯಲ್ಲಿ ಮನೆಯವರೇ ಇಲ್ಲ. ಚರ್ಚಿಗೂ ಬೀಗ ಬಿದ್ದು ಕಾಲವಾಯಿತು. ಹಾಗಿದ್ದ ಮೇಲೆ ತೆಗೆದವರು ಯಾರು?

"ಕೋಡಿ, ಮನೆ ಮುಂದಿನ ಹೈಡ್ರಂಟ್ ಕೆಟ್ಟಿದ್ದು ನಿಂಗೆ ಗೊತ್ತಿತ್ತಾ?"

"ಕೆಟ್ಟಿದೆಯಾ?" ಅಂದ ಕೋಡಿ. "ಯಾವಾಗಿಂದ?"

*

ಅಗ್ನಿಶಾಮಕ ಠಾಣೆಯ ರೇಡಿಯೋ ಮುಂದೆ ಕರ್ಟ್ ಸ್ಯಾಂಡ್‌ವಿಕ್ ಕೂತಿದ್ದ. ಚೀಫ್ ಅವರ ತಮ್ಮ. ಎರಡು ಚಳಿಗಾಲದ ಹಿಂದೆ ಬೆಂಕಿಯೊಳಗೆ ಅವನ ಸಿಲಿಂಡರ್ ಕೈಕೊಟ್ಟಿತ್ತು. ಅವತ್ತಿನಿಂದ ಮೂಗಿಗೆ ಆಮ್ಲಜನಕದ ನಳಿಗೆ. ಓಡಲಾರದವನು ರೇಡಿಯೋ ಹಿಡಿದಿದ್ದ.

"ಆ ಹೈಡ್ರಂಟ್ ವಿಷಯಾನಾ? ಅವತ್ತೇ ಮಧ್ಯಾಹ್ನ ಜಲಮಂಡಳಿಯವರು ಅಣ್ಣಂಗೆ ಫೋನ್ ಮಾಡಿ ಹೇಳಿದ್ರಂತೆ. ಹುಡುಗರಿಗೆ ಹೇಳೋಷ್ಟರಲ್ಲಿ ಬೆಂಕಿ ಬಿತ್ತು. ಅಣ್ಣ ಚುರುಕು ನೋಡಿ, ತಕ್ಷಣ ಚರ್ಚ್ ಮೂಲೆಗೆ ತಿರುಗಿಸಿದ."

"ನಿಮಗೂ ಮೊದಲೇ ಗೊತ್ತಿರಲಿಲ್ವಾ?"

"ಇಲ್ಲಪ್ಪ. ಅವನೊಬ್ಬನಿಗೇ."

ಕರ್ಟ್ ಹೆಮ್ಮೆಯಿಂದ ನಗುತ್ತಿದ್ದ. ಮಾರ್ಲಿಸ್‌ಗೆ ಅವನ ಮುಖ ನೋಡಲಾಗಲಿಲ್ಲ. ಠಾಣೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಹೀಟರ್ ಇತ್ತು, ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬ. ಅಷ್ಟರಲ್ಲಿ ಪ್ರಯೋಗಾಲಯದಿಂದ ಫೋನ್ ಬಂತು. ಚಿಂದಿಯಲ್ಲಿದ್ದದ್ದು ಪೆಟ್ರೋಲ್ ಅಲ್ಲ, ಸೀಮೆಎಣ್ಣೆ.

*

ಶನಿವಾರ ಠಾಣೆಯಲ್ಲಿ ಪ್ಯಾನ್‌ಕೇಕ್ ತಿಂಡಿ. ದಳಕ್ಕೆ ದೇಣಿಗೆ ಎತ್ತಲು ವರ್ಷಕ್ಕೊಮ್ಮೆ ನಡೆಯುವಂಥದ್ದು. ಊರಿಗೆ ಊರೇ ಸೇರಿತ್ತು. ಚೀಫ್ ಏಪ್ರನ್ ಕಟ್ಟಿ ಕಾವಲಿ ಮುಂದೆ ನಿಂತಿದ್ದರು. ಮೇಪಲ್ ಪಾಕದ ಘಮ, ಬಾಯಿ ತುಂಬ ಕೋಡಿಯ ಸುದ್ದಿ.

"ಚೀಫ್, ಒಂದು ನಿಮಿಷ," ಅಂದಳು ಮಾರ್ಲಿಸ್.

ಇಬ್ಬರೂ ಅಗ್ನಿಶಾಮಕ ಗಾಡಿಯ ಹಿಂದೆ ಹೋದರು.

"ಬೆಂಕಿ ಹಚ್ಚೋನು ಮೊದಲು ನೀರಿಗೆ ದಾರಿ ಮಾಡಿಡ್ತಾನಾ ಚೀಫ್?"

ಅವರು ಏಪ್ರನ್ನಿಗೆ ಕೈ ಒರೆಸಿಕೊಂಡರು.

"ಮೂರು ಸಲವೂ ಹಿಮ ತೆಗೆದಿತ್ತು. ಪಕ್ಕದ ಮನೆಗೆ ಹಬ್ಬಬಾರದು, ಹುಡುಗರು ಹಿಮ ಅಗೆಯುತ್ತ ನಿಲ್ಲಬಾರದು ಅನ್ನೋ ಕಾಳಜಿ ಅದು. ಕಿಡಿಗೇಡಿಗೆ ಇರಲ್ಲ, ಬೆಂಕಿ ಆರಿಸೋನಿಗಿರುತ್ತೆ. ಸರಿ, ದಳದವನೇ ಅಂದ್ಕೊಂಡೆ. ಆದ್ರೆ ಮೂರನೇ ಸಲ ಮನೆ ಮುಂದಿನದನ್ನ ಬಿಟ್ಟು ಚರ್ಚ್ ಮೂಲೆಯದನ್ನ ತೆಗೆದಿತ್ತು. ಮುಂದಿನದು ಕೆಟ್ಟಿದೆ ಅಂತ ಬೆಂಕಿಗೆ ಮುಂಚೆ ದಳದಲ್ಲಿ ಗೊತ್ತಿದ್ದವರು ನೀವೊಬ್ಬರೇ. ಸೀಮೆಎಣ್ಣೆ ನಿಮ್ಮ ಶೆಡ್ಡಲ್ಲೇ ಇದೆ. ಗಂಟೆ ಹುಡುಗರದು, ಅನುದಾನ ದಳದ್ದು. ನಿವೃತ್ತರಾದ ನಿಮ್ಮ ಮೇಲೆ ಯಾರಿಗೂ ಅನುಮಾನ ಬರಲಿಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಚೀಫ್ ಗಾಡಿಯ ಮೆಟ್ಟಿಲ ಮೇಲೆ ಕೂತರು.

"ಹೊಗೆ ಗಂಟೆ ಕಟ್ಟಿಸಿದ್ದಕ್ಕೆ ನಮಗೆ ಸಿಕ್ಕ ಬಹುಮಾನ ನೋಡು ಮಾರ್ಲಿಸ್. ಊರು ಸುಡಲಿಲ್ಲ, ದುಡ್ಡು ನಿಂತಿತು. ಅದೇ ಹಳೇ ಸಿಲಿಂಡರ್ ಕೊಟ್ಟು ಹುಡುಗರನ್ನ ಒಳಗೆ ಕಳಿಸ್ಲಾ? ಕರ್ಟ್‌ನ ನೋಡಿದೀಯಲ್ಲ. ಯಾರಿಗೂ ಬೇಡದ ಮನೆಗಳು ಅಂದ್ಕೊಂಡೆ. ಒಳಗೆ ನೋಡಿ ಬಂದಿದ್ದೆ. ನೆಲಮಾಳಿಗೆ ನೋಡ್ಲಿಲ್ಲ."

"ಅದು ತಪ್ಪಿ ಆಗಿದ್ದು ಅಂತಾನೇ ಇಟ್ಕೊಳ್ಳೋಣ. ಕೋಡಿಗೆ ಕೋಳ ಹಾಕಿದಾಗ ನೀವು ಅಲ್ಲೇ ನಿಂತಿದ್ರಿ. ಹೈಡ್ರಂಟಿಗೆ ದಾರಿ ಬಿಡಿಸಿದ್ರಿ. ಆ ಹುಡುಗನಿಗೆ?"

ಗಾಡಿಯ ಆ ಬದಿಯಿಂದ ಆಮ್ಲಜನಕದ ಸಿಳ್ಳು ಕೇಳಿಸಿತು. ಕರ್ಟ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಅಣ್ಣಾ," ಅಂದ ಅವನು, ಉಸಿರು ಎಳೆದುಕೊಂಡು. "ಕೋರ್ಟಲ್ಲಿ ಏನಾದ್ರೂ ಹೇಳ್ಕೋ. ನನಗೋಸ್ಕರ ಮಾಡಿದೆ ಅಂತ ಮಾತ್ರ ಹೇಳ್ಬೇಡ."

ಓರ್ವಿಲ್ ಏಪ್ರನ್ ಬಿಚ್ಚಿ ಗಾಡಿಯ ಬಾಗಿಲಿಗೆ ನೇತುಹಾಕಿ ಹೊರಟರು. ಕಾವಲಿಯ ಮೇಲಿನ ಪ್ಯಾನ್‌ಕೇಕ್ ಸೀಯುತ್ತಿತ್ತು.

*

ಮುಂದಿನ ವಾರ ಮತ್ತೆ ಹಿಮ ಬಿತ್ತು. ಕಂಪನಿ ಆ ಮೂರು ಬೆಂಕಿಯ ಗಂಟೆಗಳನ್ನು ಲೆಕ್ಕದಿಂದ ಹೊಡೆದುಹಾಕಿತ್ತು. ಸಿಲಿಂಡರ್ ಬರಲಿಲ್ಲ. ಊರವರು ಕೋಡಿಯನ್ನು ಕಂಡರೆ ಚಪ್ಪಲಿ ಹುಡುಕುವವರಂತೆ ತಲೆ ತಗ್ಗಿಸುತ್ತಿದ್ದರು.

ಮಾರ್ಲಿಸ್ ಬರ್ಚ್ ಬೀದಿಗೆ ಬಂದರೆ ಚರ್ಚ್ ಮೂಲೆಯಲ್ಲಿ ಪಿಕಪ್ ನಿಂತಿತ್ತು. ಕೋಡಿ ಕೆಮ್ಮುತ್ತ ಹೈಡ್ರಂಟಿನ ಸುತ್ತ ಹಿಮ ಎತ್ತಿ ಹಾಕುತ್ತಿದ್ದ.

"ಇಲ್ಲಿ ಯಾರಿದ್ದಾರೋ, ಈ ಬೀದೀಲಿ?"

"ಅವತ್ತೂ ಯಾರಿಲ್ಲ ಅಂತಾನೇ ಅಂದ್ಕೊಂಡಿದ್ರಲ್ಲ," ಅಂದ ಅವನು.

ಅವಳೂ ಕಾರಿನಿಂದ ಸಲಿಕೆ ತೆಗೆದಳು. ಕೋಡಿ ತಲೆಯೆತ್ತದೆ ಹೇಳಿದ:

"ಡಿಯಾನ್‌ಗೆ ಹೇಳ್ಬೇಡಿ. ಗಂಟೆ ಬರ್ಕೊಂಡುಬಿಡ್ತಾಳೆ."