ಅಜ್ಜಿಯ ಮರಳಿನ ಚೀಲ

“ಎಣಿಸು, ಸುಂಕಿ. ಯಾಕ ಸುಮ್ಮನಾದಿ?”

ಚಾಪೆಯ ಮೇಲೆ ಅಂಗಾತ ಮಲಗಿದ್ದ ಅಜ್ಜಿ ಪಕ್ಕೀರಮ್ಮ ಕೇಳಿದಳು. ಅವಳ ಹೊಟ್ಟೆಯ ಮೇಲೆ ಮರಳು ತುಂಬಿದ ಬಟ್ಟೆಯ ಚೀಲವಿತ್ತು. ಉಸಿರು ಎಳೆದಾಗ ಚೀಲ ಮೇಲೆ ಬರಬೇಕು, ಬಿಟ್ಟಾಗ ಇಳಿಯಬೇಕು. ಉಸಿರಿಗೆ ಬಲ ಬರಲೆಂದು ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಅದು: ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ.

“ಆರು...” ಎಂದಳು ಮೊಮ್ಮಗಳು ಸುಂಕಮ್ಮ. ಚೀಲ ನಡುಗುತ್ತ ಎದ್ದು, ಇಳಿಯಿತು. ಆಮೇಲೆ ಅಲುಗಲೇ ಇಲ್ಲ.

“ಅಜ್ಜೀ!”

“ಅದೀನವ್ವ, ಅದೀನಿ,” ಎಂದು ಅಜ್ಜಿ ಏದುಸಿರು ಬಿಟ್ಟಳು.

ಸುಂಕಿಯ ಅವ್ವನಿಗೆ ಆಫೀಸಿನಲ್ಲಿ ಅಟೆಂಡರ್ ಕೆಲಸ, ಬೇಗ ಹೋಗಬೇಕು. ಹಾಗಾಗಿ ಚೀಲ ಇಡುವ ಕೆಲಸ ಐದನೇ ಕ್ಲಾಸಿನ ಸುಂಕಿಯದು. ವಾರಕ್ಕೊಮ್ಮೆ ಎರಡು ಬೊಗಸೆ ಮರಳು ಹೆಚ್ಚಿಗೆ ಹಾಕಬೇಕೆಂದು ಡಾಕ್ಟರು ಹೇಳಿದ್ದರು.

ಆದರೆ ಎದುರುಮನೆಯ ಓಬಳೇಶ ಕಿಟಕಿಯಲ್ಲಿ ಇಣುಕಿ ಅಂದಿದ್ದ: “ಮೈಮ್ಯಾಲೆ ಮಣ್ಣು ಹಾಕೋದು ಸತ್ತವರಿಗೆ ಲೇ!”

ಅಂದಿನಿಂದ ಸುಂಕಿ ಮರಳು ಹೆಚ್ಚಿಸಲಿಲ್ಲ. ದಿನಾ ಒಂದು ಹಿಡಿ ತೆಗೆದು ಹಿತ್ತಲಿಗೆ ಚೆಲ್ಲಿದಳು. ಚೀಲ ಸೊರಗಿತು. ಅಜ್ಜಿ ಏನೂ ಕೇಳಲಿಲ್ಲ.

ಮೂರು ವಾರದ ಮೇಲೆ ಇಬ್ಬರೂ ಡಾಕ್ಟರ ಬಳಿಗೆ ಹೊರಟರು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಅಜ್ಜಿ ನಿಂತುಬಿಟ್ಟಳು. ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಕತ್ತಿನ ನರಗಳು ಹಗ್ಗದಂತೆ ಎದ್ದವು. ತುಟಿ ನೀಲಿಯಾಯಿತು. ಅವಳು ಮೆಲ್ಲಗೆ ರಸ್ತೆಯ ಪಕ್ಕ ಕುಸಿದಳು.

“ಯಾರಾರ ಬರ್ರೀ! ನಮ್ಮಜ್ಜೀ!” ಸುಂಕಿ ಕಿರುಚಿದಳು.

ಮೆಕ್ಕೆಜೋಳದ ಚೀಲ ಹೇರಿಕೊಂಡು ಬರುತ್ತಿದ್ದ ಗಾಡಿಯ ಹುಲುಗಣ್ಣ ಎತ್ತುಗಳನ್ನು ನಿಲ್ಲಿಸಿ ಓಡಿಬಂದ. ಅಜ್ಜಿಯನ್ನು ಎತ್ತಿ ಚೀಲಗಳ ಮೇಲೆ ಕೂರಿಸಿ, ಗಾಡಿಯನ್ನು ದವಾಖಾನೆಗೆ ಹೊಡೆದ. ದಾರಿಯುದ್ದಕ್ಕೂ ಸುಂಕಿ ಅಜ್ಜಿಯ ಸೆರಗು ಬಿಡಲಿಲ್ಲ.

ಡಾಕ್ಟರ್ ಹಾಲೇಶಪ್ಪ ಇಂಜೆಕ್ಷನ್ ಕೊಟ್ಟರು. ಅರ್ಧ ತಾಸಿಗೆ ಉಸಿರು ಹದಕ್ಕೆ ಬಂತು. ಅವರು ಅಜ್ಜಿಯ ಹೊಟ್ಟೆಯ ಮೇಲೆ ಕೈಯಿಟ್ಟರು.

“ಎಳೀರಿ ಯಮ್ಮ, ಇನ್ನೂ ಜೋರಾಗಿ... ಒಂಚೂರೂ ಬಲ ಬಂದಿಲ್ಲಲ್ಲ! ಚೀಲ ಇಡ್ತಿದ್ರಿಲ್ಲೋ?”

ಸುಂಕಿಗೆ ಅಳು ತಡೆಯಲಾಗಲಿಲ್ಲ. “ಮರಳು ನಾನೇ ತಗದೀನ್ರಿ ಸಾರ್. ಭಾರಕ್ಕ ಅಜ್ಜಿ ಉಸಿರು ನಿಂತ್ರ ಅಂತ ಹೆದರಿಕಿ ಆತ್ರಿ.”

ಡಾಕ್ಟರು ಬೈಯಲಿಲ್ಲ. ಅಜ್ಜಿಯ ಪಕ್ಕೆಯ ಕೆಳಗೆ ಬೆರಳಿಟ್ಟು ತೋರಿಸಿದರು. “ಇಲ್ಲಿ ಒಳಗ ಉಸಿರು ಎಳಿಯೋ ಸ್ನಾಯು ಐತಿ. ವಯಸ್ಸಾದಂಗ ಸೋಲತೈತಿ. ದಿನಾ ಸ್ವಲ್ಪ ಕೆಲಸ ಕೊಟ್ರ ಗಟ್ಟಿ ಆಗತೈತಿ. ಎರಡು ದಿನ ಬಿಟ್ಟು ಮತ್ತ ಶುರು ಮಾಡ್ರಿ, ಕಡಿಮಿ ಮರಳಿನಿಂದ.”

ಹೊರಗೆ ಬೆಂಚಿನ ಮೇಲೆ ಅಜ್ಜಿ ಸುಂಕಿಯ ಕಣ್ಣೊರೆಸಿದಳು.

“ಚೀಲ ಹಗುರ ಆಗಿದ್ದು ನನಗ ಗೊತ್ತಿತ್ತವ್ವ.”

“ಮತ್ತ ಯಾಕ ಹೇಳ್ಲಿಲ್ಲ?”

“ನನಗೂ ಹೆದರಿಕಿ ಇತ್ತು. ಹಗುರ ಇದ್ರ ಸಾಕನಿಸ್ತು.”

ಸುಂಕಿ ಅಜ್ಜಿಯ ಮುಖವನ್ನೇ ನೋಡಿದಳು. ದೊಡ್ಡವರೂ ಹೆದರುತ್ತಾರೆಂದು ಅವಳಿಗೆ ತಿಳಿದಿರಲಿಲ್ಲ.

ಮತ್ತೆ ಶುರುಮಾಡಿದ ಎರಡನೆಯ ವಾರ, ಸುಂಕಿ ಎರಡು ಬೊಗಸೆ ಮರಳನ್ನು ಅಜ್ಜಿಯ ಎದುರಿಗೇ ಹಾಕಿದಳು. ಹದಿನಾಲ್ಕನೆಯ ಉಸಿರಿಗೆ ಅಜ್ಜಿ ಸುಸ್ತಾದಳು. ಚೀಲ ನಿಂತಿತು. ಎತ್ತಿ ಬಿಸಾಡಲು ಸುಂಕಿಯ ಕೈ ತವಕಿಸಿತು.

ಅವಳು ಅಜ್ಜಿಯ ಬೆರಳು ಹಿಡಿದುಕೊಂಡಳು, ಅಷ್ಟೇ.

“ಅವಸರ ಇಲ್ಲಜ್ಜಿ. ನಾ ಇಲ್ಲೇ ಅದೀನಿ.”

ಚೀಲ ಮೆಲ್ಲಗೆ ಮೇಲೆ ಬಂತು.