ಚಿಕ್ಕಿಯ ಮುಂದೆ ಬಾಯಿ ತೆಗೆಯದವನು

ವ್ಯಾನಿನಿಂದ ಇಳಿದವನು ಎಲ್ಲರ ಕೈ ಕುಲುಕಿದ, ಮಕ್ಕಳ ತಲೆ ಸವರಿದ. ಅವಳ ಎದುರಿಗೆ ಬಂದಾಗ ಮಾತ್ರ "ಮ್ಮ್" ಎಂದ.

"ಏನಂದ್ರಿ?"

"ಮ್ಮ್," ಎಂದ ಮತ್ತೆ, ತುಟಿ ಒಂದಿಷ್ಟೂ ಬಿಚ್ಚದೆ. ಹಾಗೆಂದವನೇ ಎರಡು ಟೆಂಟಿನ ಮೂಟೆಗಳನ್ನು ಹೆಗಲಿಗೇರಿಸಿಕೊಂಡು ಕೆರೆಯ ಕಡೆ ನಡೆದುಬಿಟ್ಟ.

ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತೇನೋ ಎಂದುಕೊಂಡಳು ಅವಳು. ಅವನು ಭಾವನ ಸ್ನೇಹಿತನ ತಮ್ಮ. ಲಿಫ್ಟ್ ರಿಪೇರಿ ಅವನ ಕೆಲಸ. ಎರಡು ಸಂಸಾರ ಸೇರಿ ಮೂರು ದಿನ ಕೆರೆಯ ದಡದಲ್ಲಿ ಟೆಂಟು ಹಾಕುವುದೆಂದು ಗೊತ್ತಾದಾಗಲೇ ಮಕ್ಕಳೆಲ್ಲ ಸೇರಿ ಅವನಿಗೆ ಲಿಫ್ಟ್ ಮಾಮ ಎಂದು ಹೆಸರಿಟ್ಟಾಗಿತ್ತು. ಅವಳು ಎಲ್ಲ ಮಕ್ಕಳಿಗೂ ಚಿಕ್ಕಿ. ಊರಿಗೆಲ್ಲ ಹಲ್ಲಿನ ಡಾಕ್ಟರ್.

ಹಲ್ಲಿನ ಡಾಕ್ಟರ ಸಂಕಟ ಹಲ್ಲಿನ ಡಾಕ್ಟರಿಗೇ ಗೊತ್ತು. ಅವಳೆದುರು ಯಾರೂ ಬಾಯಿ ತುಂಬ ನಗುವುದಿಲ್ಲ. ಅವಳು ಕೋಣೆಗೆ ಕಾಲಿಟ್ಟರೆ ಸಾಕು, ಅಲ್ಲಿಯವರೆಗೆ ಬಿದ್ದು ಬಿದ್ದು ನಗುತ್ತಿದ್ದ ನೆಂಟರೆಲ್ಲ ಗಪ್‌ಚಿಪ್. ಒಡಹುಟ್ಟಿದ ಅಕ್ಕ ಕೂಡ ಕೈ ಅಡ್ಡ ಹಿಡಿದು ನಗುತ್ತಾಳೆ. ಭಾವ ಅಷ್ಟು ದಪ್ಪ ಮೀಸೆ ಬಿಟ್ಟಿದ್ದೇ ಅದಕ್ಕೆ. ಮದುವೆಯ ಮಾತಿಗೆಂದು ಭೇಟಿಯಾದ ಗಂಡಸರೂ ಹಾಗೇ. ಒಬ್ಬ ಇಡೀ ಸಂಜೆ ಕಾಫಿ ಲೋಟದ ಹಿಂದೆ ಕೂತು ಮಾತಾಡಿದ. ಇನ್ನೊಬ್ಬ ಹೊರಡುವಾಗ, ತನ್ನ ತಾಯಿಯ ಹಲ್ಲಿನ ಸೆಟ್ಟು ಯಾಕೆ ಅಲ್ಲಾಡುತ್ತದೆ ಎಂದು ಕೇಳಿದ. ಅವಳಿಗೆ ಬೇಕಾಗಿದ್ದುದು ಹಣವಲ್ಲ, ರೂಪವಲ್ಲ. ತನ್ನೆದುರು ಅಂಜದೆ ಬಾಯಿ ತೆರೆದು ನಗುವ ಒಬ್ಬ ಮನುಷ್ಯ. ಅಂಥವನು ಸಿಗದಿದ್ದರೆ ಮದುವೆಯೇ ಬೇಡ ಎಂದು ಅಕ್ಕನಿಗೆ ಹೇಳಿಬಿಟ್ಟಿದ್ದಳು.

"ಅಂಥೋನು ಬೇಕಂದ್ರೆ ತೊಟ್ಟಿಲಲ್ಲಿ ಹುಡುಕ್ಬೇಕು ಕಣೆ," ಎಂದಿದ್ದಳು ಅಕ್ಕ. "ಹಲ್ಲೇ ಬಂದಿರಲ್ಲ ನೋಡು, ಧೈರ್ಯವಾಗಿ ನಗ್ತಾನೆ."

ಟೆಂಟು ಏಳುತ್ತಿದ್ದಂತೆ ಅಕ್ಕ ಅಪ್ಪಣೆ ಹೊರಡಿಸಿದಳು. "ಮಕ್ಕಳ ಟೀಮ್ ಆಟಗಳನ್ನ ನೀವಿಬ್ರೂ ಸೇರಿ ಪ್ಲಾನ್ ಮಾಡಿ. ನಿಮಗೆ ಬೇರೆ ಜವಾಬ್ದಾರಿ ಇಲ್ವಲ್ಲ." ಇಬ್ಬರಿಗೂ ಮದುವೆಯಾಗಿಲ್ಲ ಎಂಬುದನ್ನು ಅಕ್ಕ ಹೇಳುವ ಕ್ರಮ ಅದು. "ಕಾನೂನು ಗೊತ್ತಲ್ಲ? ಯಾವ ಆಟ ಆದ್ರೂ ಪ್ಲಾನ್ ಮಾಡಿದವರೇ ಮೊದಲು ಆಡಿ ತೋರಿಸ್ಬೇಕು."

ಆ ಕಾನೂನು ಭಾವನಿಂದಾಗಿ ಬಂದದ್ದು. ಹಿಂದಿನ ಸಲ ಅವನು ಹಗ್ಗಜಗ್ಗಾಟಕ್ಕೆ ಟೆಂಟಿನ ಹಗ್ಗವನ್ನೇ ಕೊಟ್ಟಿದ್ದರಿಂದ, ಒಳಗೆ ನಿದ್ದೆ ಹೋಗಿದ್ದ ಅಕ್ಕನ ಸಮೇತ ಟೆಂಟು ನೀರಿನ ಅಂಚಿನ ತನಕ ಹೋಗಿತ್ತು.

ಇಬ್ಬರೂ ವ್ಯಾನಿನ ಹಿಂಬಾಗಿಲು ತೆರೆದು ಅದರ ಮೇಲೆ ಕೂತರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ಆವತ್ತು ಮಧ್ಯಾಹ್ನ ಅಲ್ಲಿ ನಡೆದ ಮೀಟಿಂಗಿಗೇ ಹೇಳಿದ ಮಾತು.

"ಆರು ಮಕ್ಕಳು, ಎರಡು ಟೀಮು," ಎಂದಳು. "ಗೆದ್ದವರಿಗೆ ಪಾಯಿಂಟು."

"ಸೋತವರಿಗೆ?" ತುಟಿಯ ಒಂದು ಮೂಲೆಯಿಂದ ಬಂತು ಪ್ರಶ್ನೆ.

"ಸೋತ್ವಿ ಅಂತ ಗೊತ್ತಾಗುತ್ತೆ."

"ಅಳ್ತಾರೆ."

"ಅಳ್ಲಿ ಬಿಡಿ. ಆಗಲಾದ್ರೂ ನನ್ನ ಮುಂದೆ ಬಾಯಿ ತೆಗೀತಾರೆ."

ಅವನ ಕೆನ್ನೆ ಉಬ್ಬಿತು. ಕಣ್ಣಂಚಿನಲ್ಲಿ ಸುಕ್ಕು ಮೂಡಿತು, ಕಿವಿ ಕೆಂಪಗಾಯಿತು. ನಗು ಗಂಟಲಿನ ತನಕ ಬಂದು ಅಲ್ಲೇ ಸಿಕ್ಕಿಹಾಕಿಕೊಂಡಿದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಅದನ್ನು ನುಂಗಿಕೊಂಡು ಅವನು ತನ್ನ ಆಟ ಹೇಳಿದ: ಎರಡೂ ಟೀಮು ಸ್ಪಂಜಿನಲ್ಲಿ ನೀರು ಹೊತ್ತು ತಂದು ಒಂದೇ ಡ್ರಮ್ಮು ತುಂಬಿಸಬೇಕು.

"ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅನ್ನೋ ಜಾತಿಯವರು ನೀವು," ಎಂದಳು.

ಮತ್ತೆ ಕೆನ್ನೆ ಉಬ್ಬಿತು. ಅವನು ಎದ್ದು ಹೋಗಿ, ಬಿಗಿಯಾಗಿಯೇ ಇದ್ದ ಟಾರ್ಪಾಲಿನ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಪ್ರತಿ ಗಂಟನ್ನೂ ಎರಡೆರಡು ಸಲ ಜಗ್ಗಿ ನೋಡುತ್ತಿದ್ದ. ಚಿಕ್ಕ ಮಗುವೊಂದು ಬಂದು ಕಾಲಿಗೆ ತೆಕ್ಕೆಬಿದ್ದರೆ ಅದನ್ನು ಹಾಗೇ ಎಳೆದುಕೊಂಡು ಮುಂದಿನ ಗೂಟಕ್ಕೆ ಹೋದ. ಅವಳು ನೋಡುತ್ತಾ ಕೂತಳು. ಈ ಮನುಷ್ಯ ತನಗೆ ಇಷ್ಟವಾಗಿಬಿಟ್ಟಿದ್ದಾನೆ ಎಂದು ಅವಳಿಗೆ ಅಲ್ಲೇ, ಆ ಹಿಂಬಾಗಿಲಿನ ಮೇಲೆಯೇ ತಿಳಿದುಹೋಯಿತು. ಇರುವ ಗಂಡಸರಲ್ಲೆಲ್ಲ ಅತಿ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡವನೇ ಸಿಗಬೇಕಿತ್ತೇ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಸಂಜೆ ಒಲೆಯ ಹತ್ತಿರ ಹೋದವಳಿಗೆ ಅವನು ಭಾವನ ಬಳಿ ಅಂಗಲಾಚುವುದು ಕೇಳಿಸಿತು. "ಆಟದ ಕೆಲಸಕ್ಕೆ ನನ್ನ ಬದಲು ಬೇರೆ ಯಾರನ್ನಾದ್ರೂ ಹಾಕಿ. ಅವರ ಜೊತೆ ಇನ್ನೊಂದು ದಿನ ನನ್ನ ಕೈಲಾಗಲ್ಲ."

ಅವಳು ಟೀ ಲೋಟ ಅಲ್ಲೇ ಇಟ್ಟು ಟೆಂಟಿಗೆ ವಾಪಸು ಹೋದಳು. ಇದೂ ಆ ಕಾಫಿ ಲೋಟದವನ ಜಾತಿಯೇ. ನಾಡಿದ್ದು ಗಂಟುಮೂಟೆ ಕಟ್ಟಿದರೆ ಎಲ್ಲ ಮುಗಿಯಿತು ಎಂದುಕೊಂಡಳು.

ಭಾವ ಅವನ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆ ಕಣ್ಣುಕಟ್ಟಿ ನಡೆಯುವ ಆಟದ ಟ್ರಯಲ್. ಒಬ್ಬರ ಕಣ್ಣಿಗೆ ಬಟ್ಟೆ, ಇನ್ನೊಬ್ಬರು ಬರೀ ಮಾತಿನಲ್ಲಿ ದಾರಿ ಹೇಳಬೇಕು. ನಡುವೆ ಬಕೆಟ್ಟು, ಬೂಟು, ಮಡಿಸುವ ಸ್ಟೂಲು. ಮಕ್ಕಳು ಸಾಲಾಗಿ ಕೂತರು. ಅಕ್ಕನ ಎಂಟು ವರ್ಷದ ಮಗಳು, ಎಲ್ಲದಕ್ಕೂ ವಾದ ಹೂಡುವುದರಿಂದ ವಕೀಲೆ ಎಂದೇ ಹೆಸರಾದವಳು, ಈರುಳ್ಳಿ ವಾಸನೆಯ ಅಡುಗೆಬಟ್ಟೆಯನ್ನು ಲಿಫ್ಟ್ ಮಾಮನ ಕಣ್ಣಿಗೆ ಬಿಗಿದಳು.

ಕೆಲಸಕ್ಕೆ ನಿಂತರೆ ಚಿಕ್ಕಿಯ ದನಿ ತಾನಾಗಿ ಕ್ಲಿನಿಕ್ಕಿನ ದನಿಯಾಗುತ್ತದೆ. ಅವಳಿಗೇ ಅದು ಗೊತ್ತಾಗುವುದಿಲ್ಲ.

"ಸ್ವಲ್ಪ ಬಲಕ್ಕೆ... ಹಾಗೇ... ತುಂಬಾ ಚೆನ್ನಾಗಿ ಮಾಡ್ತಿದೀರ. ಈಗ ತಲೆ ಸ್ವಲ್ಪ ಹಿಂದಕ್ಕೆ."

ಅವನ ಹೆಜ್ಜೆ ನಿಧಾನವಾಯಿತು. ಎರಡೂ ಕೈ ಗಾಳಿಯಲ್ಲಿ ಯಾವುದೋ ಕುರ್ಚಿಯ ತೋಳನ್ನು ಹಿಡಿದಂತೆ ಬಿಗಿದುಕೊಂಡವು.

"ಹೆದರ್ಬೇಡಿ. ಏನೂ ನೋವಾಗಲ್ಲ, ಇನ್ನೊಂದೇ ನಿಮಿಷ..."

ಅಷ್ಟೇ. ಲಿಫ್ಟ್ ಮಾಮ ಕಾಲಿಗೆ ಬುದ್ಧಿ ಹೇಳಿದ. ಕಣ್ಣು ಕಟ್ಟಿಕೊಂಡೇ ಬಕೆಟ್ಟು ಒದ್ದ, ಸ್ಟೂಲು ಉರುಳಿಸಿದ, ಒಣಗಲು ಹಾಕಿದ್ದ ಭಾವನ ಬನಿಯನ್ ತಲೆಗೆ ಸಿಕ್ಕಿಸಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿ ನೇರವಾಗಿ ಕೆರೆಗೆ ಬಿದ್ದ.

ಮಕ್ಕಳು ಚಪ್ಪಾಳೆ ತಟ್ಟಿದರು. "ಇದೂ ಆಟದಲ್ಲಿದ್ಯಾ?" ಎಂದು ವಕೀಲೆ ವಿಚಾರಿಸಿದಳು.

ಚಿಕ್ಕಿ ಓಡಿದಳು. ಸೊಂಟದುದ್ದ ನೀರಿನಲ್ಲಿ ಎದ್ದು ನಿಂತವನು ಕಣ್ಣಿನ ಬಟ್ಟೆ ಕಿತ್ತೆಸೆದು, ಉಸಿರಿಗಾಗಿ ಬಾಯಿ ಅಗಲ ತೆರೆದ. ಎಡಗಡೆ, ಕೆಳಗಿನ ಸಾಲಿನಲ್ಲಿ, ಹಿಂದಿನಿಂದ ಎರಡನೆಯ ದವಡೆಹಲ್ಲು. ಅದರ ಮೇಲೆ ಬಿಳಿ ಸಿಮೆಂಟು, ಎರಡು ವಾರದ ಮಟ್ಟಿಗೆ ಹಾಕಿದ ತಾತ್ಕಾಲಿಕ ಸಿಮೆಂಟು. ಮುಖ ಮರೆಯಬಹುದು, ತನ್ನ ಕೈಕೆಲಸವನ್ನು ಅವಳು ಮರೆಯುವವಳಲ್ಲ.

"ನೀವು!" ಎಂದಳು. "ರೂಟ್ ಕೆನಾಲ್ ಅರ್ಧಕ್ಕೇ ಬಿಟ್ಟು, ಎರಡನೇ ಸಲ ಡ್ರಿಲ್ ಎತ್ತಿದ ಕೂಡ್ಲೆ ಓಡಿಹೋದವರು! ಕುತ್ತಿಗೆಗೆ ಕಟ್ಟಿದ ನಮ್ಮ ಬಿಬ್ ಬಟ್ಟೆ ಹಾಗೇ ಇತ್ತು!"

"ಒಗೆದು ಇಟ್ಟಿದೀನಿ," ಎಂದ ಅವನು ಮೆಲ್ಲಗೆ. ಅವಳೆದುರು ಅವನು ಬಾಯಿ ತೆರೆದು ಆಡಿದ ಮೊದಲ ಮಾತು ಅದು.

"ಅದಕ್ಕಾ ಬಾಯಿ ಮುಚ್ಕೊಂಡಿದ್ದು?"

"ತೆಗೆದ್ರೆ ಗುರುತು ಹಿಡೀತೀರ ಅಂತ ಗೊತ್ತಿತ್ತು. ಹತ್ತು ಮಹಡಿ ಮೇಲೆ ನೇತಾಡೋ ಗಂಡಸು ಡ್ರಿಲ್ಲಿಗೆ ಹೆದ್ರಿ ಓಡಿದಾನೆ ಅಂತ ಇವರಿಗೆಲ್ಲ ಗೊತ್ತಾದ್ರೆ ಮಾನ ಉಳಿಯುತ್ತಾ?"

"ನನ್ನ ಜೊತೆ ಇರಕ್ಕಾಗಲ್ಲ ಅಂದ್ರಲ್ಲ ನಿನ್ನೆ, ಭಾವನ ಹತ್ರ. ಕೇಳಿಸ್ಕೊಂಡೆ."

"ಹೇಗಿರೋದು ಡಾಕ್ಟ್ರೇ? ನೀವು ಒಂದಾದ ಮೇಲೊಂದು ಜೋಕ್ ಹೊಡೀತೀರ. ನಗು ತಡೆದೂ ತಡೆದೂ ಪಕ್ಕೆ ಹಿಡ್ಕೊಂಡಿದೆ ನನಗೆ."

ಅವನು ನೀರಿನಲ್ಲಿ ನಿಂತೇ, ತಪ್ಪು ಒಪ್ಪಿಕೊಳ್ಳುವುದಾದರೆ ಒಂದೇ ಸಲಕ್ಕೆ ಮುಗಿಯಲಿ ಎಂಬಂತೆ ಮುಂದುವರಿಸಿದ. "ನಿಮ್ಮ ಬಿಲ್ಡಿಂಗ್ ಲಿಫ್ಟು ವಾರವಾರ ಸರ್ವೀಸಿಗೆ ನಿಲ್ಲುತ್ತಲ್ಲ..."

"ಹೌದು, ದರಿದ್ರದ್ದು. ಪ್ರತಿ ಸಲ ಮೂರು ಮಹಡಿ ಹತ್ತೀನಿ."

"ನಿಲ್ಲಿಸೋದು ನಾನೇ."

"ಯಾಕೆ?"

"ಕುರ್ಚಿಯಲ್ಲಿ ಮಲಗಿದ್ದಾಗ ನಿಮ್ಮ ಕಣ್ಣು ಮಾತ್ರ ಕಂಡಿತ್ತು. ಕೆಳಗೆಲ್ಲ ಮಾಸ್ಕು. ಮೆಟ್ಟಿಲ ಮೇಲೆ ಬಂದ್ರೆ ಪೂರ್ತಿ ಮುಖ ನೋಡ್ಬಹುದಲ್ಲ ಅಂತ."

"ನೋಡಿದ್ರಾ?"

"ನೋಡಿದೆ. ಬೈತಾ ಹತ್ತುತಿದ್ರಿ. ಚೆನ್ನಾಗಿತ್ತು."

ಮೂರು ಮಹಡಿ ಹತ್ತಿದ ಉಬ್ಬಸವೆಲ್ಲ ಒಟ್ಟಿಗೆ ಬಂದಂತೆ ಅವಳ ಎದೆ ಹೊಡೆದುಕೊಂಡಿತು. ಆದರೆ ಪ್ರೀತಿಗೆ ಅವಕಾಶ ಕೊಡುವಷ್ಟು ತಾಳ್ಮೆ ವಕೀಲೆಗೆ ಇರಲಿಲ್ಲ. "ಚಿಕ್ಕೀ, ಪ್ಲಾನ್ ಮಾಡಿದವರು ಇಬ್ರೂ ಆಡ್ಬೇಕು. ಈಗ ನೀನು!" ಎಂದು ನೀರಿನಿಂದ ಹೆಕ್ಕಿದ ಒದ್ದೆ ಬಟ್ಟೆಯನ್ನೇ ತಂದು ಅವಳ ಕಣ್ಣಿಗೆ ಕಟ್ಟಿದಳು.

ಎಲ್ಲರೂ ಕೂಗತೊಡಗಿದರು. ಒಂದು ಟೀಮು ಎಡಕ್ಕೆ ಎಂದರೆ ಇನ್ನೊಂದು ಬಲಕ್ಕೆ ಎಂದಿತು. ಅವಳು ಬೂಟು ಎಡವಿದಳು, ಸ್ಟೂಲನ್ನು ತಬ್ಬಿಕೊಂಡಳು. ಆಗ ಕೇಳಿಸಿತು ನಗು. ಅಕ್ಕ ಗೊಳ್ಳೆಂದು ನಗುತ್ತಿದ್ದಳು, ಚಿಕ್ಕಂದಿನಲ್ಲಿ ನಗುತ್ತಿದ್ದಳಲ್ಲ, ಹಾಗೆ. ಭಾವ ಹೊಟ್ಟೆ ಹಿಡಿದುಕೊಂಡು ನಗುತ್ತಿರುವುದು ದನಿಯಲ್ಲೇ ತಿಳಿಯುತ್ತಿತ್ತು. ಮಕ್ಕಳಂತೂ ಕೇಕೆ ಹಾಕುತ್ತಿದ್ದರು. ಅವಳು ನೋಡುತ್ತಿಲ್ಲವಲ್ಲ, ಯಾರಿಗೂ ಅಂಜಿಕೆಯಿಲ್ಲ.

"ನೇರಕ್ಕೆ ಬನ್ನಿ ಡಾಕ್ಟ್ರೇ," ಎಂದಿತು ಒಂದು ದನಿ. "ಇನ್ನೂ ಸ್ವಲ್ಪ. ಹಾಂ, ಬಂತು. ಕಣ್ಣಿನ ಬಟ್ಟೆ ಬಿಚ್ಚಿ."

"ಬೇಡ."

"ಯಾಕೆ?"

"ಬಿಚ್ಚಿದ್ರೆ ಎಲ್ಲರೂ ಬಾಯಿ ಮುಚ್ಕೋತಾರೆ," ಎಂದಳು. ಇದನ್ನು ಅವಳು ಎಲ್ಲರ ಎದುರು ಎಂದೂ ಹೇಳಿಕೊಂಡಿರಲಿಲ್ಲ. "ನೀವೂ."

"ಬಿಚ್ಚಿ ನೋಡಿ."

ಬಿಚ್ಚಿದಳು. ಅಕ್ಕನ ಕೈ ಬಾಯಿಗೆ ಹೋಯಿತು. ಭಾವ ಮೀಸೆಯೊಳಗೆ ಸೇರಿಕೊಂಡ. ಆರು ಮಕ್ಕಳ ಬಾಯಿ ಪಟಪಟನೆ ಮುಚ್ಚಿತು. ಒಂದೇ ಒಂದು ಬಾಯಿ ತೆರೆದಿತ್ತು. ತೊಟ್ಟಿಕ್ಕುವ ಅಂಗಿಯಲ್ಲಿ, ಅವಳಿಂದ ಒಂದು ಮಾರು ದೂರದಲ್ಲಿ ನಿಂತು, ಎರಡು ದಿನ ತಡೆದಿಟ್ಟದ್ದನ್ನೆಲ್ಲ ಅವನು ನಗುತ್ತಿದ್ದ. ಸಿಮೆಂಟಿನ ಹಲ್ಲಷ್ಟೇ ಅಲ್ಲ, ಅದರ ಹಿಂದಿನ ಹಲ್ಲೂ ಕಾಣುವ ಹಾಗೆ.

"ಆ ಹಲ್ಲು ಹಾಗೇ ಬಿಟ್ರೆ ಹಾಳಾಗುತ್ತೆ," ಎಂದಳು. ಪ್ರೀತಿಯ ಮಾತಾಡಲು ಹೋದವಳ ಬಾಯಿಗೆ ಬಂದದ್ದು ಅದು.

"ಸೋಮವಾರ ಬರ್ತೀನಿ. ಆದ್ರೆ ನೋವಾಗಲ್ಲ ಅಂತ ಸುಳ್ಳು ಹೇಳ್ಬಾರ್ದು."

"ನೋವಾಗುತ್ತೆ. ಕೈ ಹಿಡ್ಕೋತೀನಿ."

"ನಿಮ್ಮ ಎರಡೂ ಕೈಗೆ ಕೆಲಸ ಇರುತ್ತಲ್ಲ?"

"ಕೆಲಸ ಮುಗಿದ ಮೇಲೆ ಹಿಡ್ಕೋತೀನಿ. ಆಮೇಲೆ ಬಿಡಲ್ಲ."

ಅವನ ನಗು ನಿಂತಿತು. ಬಾಯಿ ಮಾತ್ರ ಮುಚ್ಚಲಿಲ್ಲ.