ಜೊತೆಗೆ ಮುಳುಗಿಸದ ಉಪ್ಪುಮಾಪಕ

ನಸುಕಿನ ಮೂರಕ್ಕೆ ಕ್ಯಾಬಿನ್ನಿನ ಬಾಗಿಲು ಬಡಿದ ಸದ್ದು. ಮೂರು ಸಲ.

ಹಡಗಿನ ಸಾಗರವಿಜ್ಞಾನಿ ಮರ್ಯುನ್ ತೆರೆದಳು. ಹೊರಗೆ ಹಾನುಸ್, ಹಡಗಿನ ಉಪಕರಣಗಳ ಹೊಣೆಗಾರ, ಜುಲೈ ಕೊನೆಯ ಓಲಾವ್ಸೋಕಾ ಹಬ್ಬ ಕಳೆದ ಮೇಲೆ ಅವಳ ಗಂಡನಾಗಲಿದ್ದವನು. ಉಣ್ಣೆಯಂಗಿಯ ತೋಳು ತೊಯ್ದಿತ್ತು. ದಾಖಲೆ ಪುಸ್ತಕವೊಂದನ್ನು ಎದೆಗೆ ಅವಚಿಕೊಂಡಿದ್ದ.

"ಮುತ್ತು ಕೊಡೋಕೆ ಬಂದ್ಯಾ, ಮೀನು ಹಿಡಿಯೋಕೆ ಕರೀತಿದ್ದೀಯಾ?"

ಅವನು ನಗಲಿಲ್ಲ. "ಆರು ವರ್ಷದ ಹಿಂದೆ ಇಳಿಸಿದ್ವಲ್ಲ, ಆ ಉಪ್ಪುಮಾಪಕ ಮೇಲೆ ಬಂತು. ಹೊಸದರ ಜೊತೆ ಮುಳುಗಿಸಿ ನೋಡ್ದೆ. ಸುಳ್ಳು ಹೇಳ್ತಿದೆ ಕಣೇ."

ಅವಳ ಕಣ್ಣಿನ ತುಂಟತನ ಆರಿತು. ಫೆರೋ ದ್ವೀಪಗಳನ್ನು ಬಳಸಿ ಹರಿಯುವ ಬೆಚ್ಚನೆಯ ಸಾಗರಪ್ರವಾಹ ಕ್ಷೀಣಿಸಿದೆ ಎಂಬುದು ಅವಳ ಶೋಧ; ಗುರುವಾರ ರಾಜಧಾನಿ ತೋರ್ಸ್‌ಹಾವ್ನ್‌ನಲ್ಲಿ ಅದನ್ನು ಜಗತ್ತಿಗೆ ಸಾರುವವಳಿದ್ದಳು. ನೀರಿನ ಉಪ್ಪು ಕಡಿಮೆಯಾದದ್ದೇ ಅದಕ್ಕೆ ಪುರಾವೆ; ಆದರೆ ನಕ್ಷೆಯಲ್ಲಿ ಉಪ್ಪಿನ ಗೆರೆ ಕುಸಿದದ್ದು ಆ ಮಾಪಕ ನೀರಿಗಿಳಿದ ದಿನವೇ.

"ಅಂದ್ರೆ, ಬದಲಾಗಿದ್ದು ಕಡಲಲ್ಲ?"

"ಅಲ್ಲ. ನಮ್ಮ ಮಾಪಕ."

ಯಾವ ಮಾಪಕವನ್ನೂ ಕಡಲಿಗೆ ಬಿಡುವ ಮುನ್ನ, ನಂಬಿಕೆಯ ಇನ್ನೊಂದರ ಜೊತೆಗೆ ಮುಳುಗಿಸಿ ಎರಡರ ಅಳತೆಯನ್ನೂ ಹೋಲಿಸಬೇಕು. ಆರು ವರ್ಷದ ಹಿಂದೆ, ಹಾಗೆ ಹೋಲಿಸಬೇಕಿದ್ದ ಹೊತ್ತಿನಲ್ಲಿ, ಅವರಿಬ್ಬರೂ ಹಡಗಿನ ಹಿಂಬದಿಯಲ್ಲಿದ್ದರು. ಮೊದಲ ಮುತ್ತು. ಅವನ ಗಡ್ಡದಲ್ಲಿ ಉಪ್ಪಿನ ಹರಳು; ಅದನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸುತ್ತಾ ಅವಳು ನಕ್ಕಿದ್ದಳು.

"ಹೋಲಿಸಿದೆ ಅಂತ ಪುಸ್ತಕದಲ್ಲಿ ಸಹಿ ಇದೆ ತಾನೇ? ತೋರ್ಸು."

"ಬೇಡ. ನೋಡಿ ಏನ್ ಮಾಡ್ತೀಯ."

"ಹಾಗಾದ್ರೆ ಸಹಿ ನಿಂದೇ." ಅವಳ ದನಿ ತಣ್ಣಗಾಯಿತು. "ನನ್ನ ಆರು ವರ್ಷ ನುಂಗಿಬಿಟ್ಟೆಯಲ್ಲೋ."

ಅವನು ಪುಸ್ತಕವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ; ಅವನ ನೋಟದಲ್ಲಿ ಕೋಪವಿರಲಿಲ್ಲ. "ತಪ್ಪು ನಂದೇ ಅಂತ ಬರ್ಕೊಡ್ತೀನಿ. ಗುರುವಾರ ಹಾಗೇ ಹೇಳು."

"ಹೇಳ್ತೀನಿ. ಮದುವೆ ಮಾತೂ ಇಲ್ಲಿಗೇ ಸಾಕು."

"ಆಯ್ತು, ಮರ್ಯುನ್."

ಬಂದರಿನಲ್ಲಿ ಅವನು ಒಂದೇ ಚೀಲ ಹೆಗಲಿಗೇರಿಸಿ ಇಳಿದುಹೋದ. ತಿರುಗಿ ನೋಡಲಿಲ್ಲ. ಹಡಗಿನ ಪುಸ್ತಕ ಹಡಗಿನಲ್ಲೇ ಉಳಿಯಬೇಕೆಂಬುದು ನಿಯಮ. ನಿಯಮ ಮುರಿಯುವುದು ಹಾನುಸ್‌ಗೆ ತಿಳಿಯದು. ಪುಸ್ತಕ ಹಡಗಿನ ಪ್ರಯೋಗಶಾಲೆಯ ಮೇಜಿನ ಮೇಲಿತ್ತು.

ಅವಳು ಮಾಪಕ ಇಳಿಸಿದ ಆ ದಿನದ ಪುಟ ತೆರೆದಳು. ಅಳತೆಗಳ ಸಾಲು ಖಾಲಿ. ಕೆಳಗೆ 'ಹೋಲಿಸಲಾಗಿದೆ' ಎಂಬುದರ ಮುಂದೆ, ಯಾರೋ ಸಂತೋಷದ ಅವಸರದಲ್ಲಿ ಗೀಚಿದಂತಹ ಸಹಿ:

ಮರ್ಯುನ್.